ಚೀನಾ ಬಗ್ಗೆ ಪಾಠ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಸಮಾಜ ವಿಜ್ಞಾನದ ಶಿಕ್ಷಕರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. "ಚೀನಾ ಬಗ್ಗೆ ಪುಸ್ತಕದಲ್ಲಿ ಇರೋದು ಸ್ವಲ್ಪ. ಮಕ್ಕಳು ಕೇಳೋದು ಜಾಸ್ತಿ. ನಾನೇ ಎಲ್ಲಿ ಕಲಿಯಲಿ?"

ಮಕ್ಕಳು ಪಂಚಶೀಲ ತತ್ವದ ಬಗ್ಗೆ ಕೇಳುವುದಿಲ್ಲ. ಅವರ ಪ್ರಶ್ನೆಗಳು ಬೇರೆ. ಅಂಗಡಿಯ ಸಾಮಾನೆಲ್ಲ ಅಲ್ಲಿಂದಲೇ ಯಾಕೆ ಬರುತ್ತೆ? ಅಲ್ಲಿನ ಮಕ್ಕಳಿಗೂ ಟ್ಯೂಷನ್ ಇದೆಯಾ? ಅವರಿಗೂ ನಮಗೂ ಯಾಕೆ ಜಗಳ? ಒಳ್ಳೆಯ ಪ್ರಶ್ನೆಗಳು. ಉತ್ತರ ಕೊಡಲು ನಾವು ಸ್ವಲ್ಪ ತಯಾರಾಗಬೇಕು, ಅಷ್ಟೇ.

ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಎರಡು ತಿಂಗಳಲ್ಲಿ ಮುಗಿಯುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇಡೀ ದಾರಿಯಲ್ಲಿ ಒಂದು ಮಾತನ್ನು ಬಿಡಬೇಡಿ: ಚೀನಾದ ಸರ್ಕಾರ ಬೇರೆ, ಚೀನಾದ ಜನ ಬೇರೆ. ಯಾವುದೇ ವಿಷಯ ಓದಿದರೂ "ಇದು ಸರ್ಕಾರದ ಮಾತೋ, ಜನರ ಬದುಕೋ" ಎಂದು ಕೇಳಿಕೊಳ್ಳಿ. ಈ ಒಂದು ಅಭ್ಯಾಸ ಬಂದರೆ ಅರ್ಧ ಕೆಲಸ ಆದಂತೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್, ಗೋಡೆಗೆ ಹಾಕುವ ಏಷ್ಯಾ ನಕ್ಷೆ, ಇಂಟರ್‌ನೆಟ್ ಇರುವ ಫೋನು, ನಿಮ್ಮ 8ರಿಂದ 10ನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕಗಳು. ಜೊತೆಗೆ ಇನ್ನೊಬ್ಬ ಶಿಕ್ಷಕರು ಸೇರಿಕೊಂಡರೆ ತುಂಬಾ ಒಳ್ಳೆಯದು. ಒಬ್ಬರೇ ಓದಿದರೆ ಎರಡನೇ ವಾರಕ್ಕೆ ನಿಂತುಹೋಗುತ್ತದೆ.

ಹಂತ 1: ಈಗ ಗೊತ್ತಿರುವುದನ್ನು ಬರೆಯಿರಿ

ಏನನ್ನೂ ಓದುವ ಮೊದಲು ಚೀನಾ ಬಗ್ಗೆ ನಿಮಗೆ ಗೊತ್ತಿರುವ ಇಪ್ಪತ್ತು ವಿಷಯ ಬರೆಯಿರಿ. ಪ್ರತಿಯೊಂದರ ಎದುರು ಅದು ಎಲ್ಲಿಂದ ಬಂತು ಎಂದೂ ಬರೆಯಿರಿ. ಟಿವಿ, ವಾಟ್ಸಾಪ್, ಪಠ್ಯಪುಸ್ತಕ, ಯಾರೋ ಹೇಳಿದ್ದು, ಹೀಗೆ. ಮಕ್ಕಳಿಂದಲೂ ಹತ್ತು ಪ್ರಶ್ನೆ ಚೀಟಿಯಲ್ಲಿ ಬರೆಸಿಕೊಳ್ಳಿ. ಹೆಸರು ಬರೆಯುವುದು ಬೇಡ ಅನ್ನಿ, ಆಗ ನಿಜವಾದ ಪ್ರಶ್ನೆ ಬರುತ್ತೆ.

ನಿಮ್ಮ ಪಟ್ಟಿಯಲ್ಲಿ ಜನರ ಬಗ್ಗೆ ಎಷ್ಟಿದೆ, ಸೈನ್ಯ-ಸರ್ಕಾರದ ಬಗ್ಗೆ ಎಷ್ಟಿದೆ ಎಂದು ಎಣಿಸಿ. ಬಹಳ ಜನರ ಪಟ್ಟಿಯಲ್ಲಿ ಜನರೇ ಇರುವುದಿಲ್ಲ.

ಹಂತ 2: ನಕ್ಷೆಯ ಮುಂದೆ ಒಂದು ವಾರ ಕೂರಿ

ಚೀನಾ ನಕ್ಷೆಯ ಮೇಲೆ ಒಂದು ಗೆರೆ ಎಳೆಯಿರಿ. ಈಶಾನ್ಯದ ಹೆಯ್‌ಹೆ ಪಟ್ಟಣದಿಂದ ನೈರುತ್ಯದ ಥೆಂಗ್‌ಛೊಂಗ್‌ವರೆಗೆ, ಓರೆಯಾಗಿ. 1935ರಲ್ಲಿ ಹು ಹ್ವಾನ್‌ಯೊಂಗ್ ಎಂಬ ಭೂಗೋಳ ತಜ್ಞರು ಗುರುತಿಸಿದ ಗೆರೆ ಇದು. ಗೆರೆಯ ಪೂರ್ವಕ್ಕೆ ದೇಶದ ಅರ್ಧಕ್ಕಿಂತ ಕಡಿಮೆ ಜಾಗ ಇದೆ. ಆದರೆ ನೂರಕ್ಕೆ ಸುಮಾರು 94 ಜನ ಅಲ್ಲೇ ಇದ್ದಾರೆ. ಪಶ್ಚಿಮಕ್ಕೆ ಮರುಭೂಮಿ, ಎತ್ತರದ ಟಿಬೆಟ್ ಪ್ರಸ್ಥಭೂಮಿ, ಹುಲ್ಲುಗಾವಲು. ನಮ್ಮ ಗಡಿ ತಾಗುವುದು ಈ ಜನ ಕಡಿಮೆ ಇರುವ ಭಾಗಕ್ಕೆ. ಶಾಂಘೈಯ ಕಾರ್ಖಾನೆ ಕೆಲಸಗಾರನಿಗೆ ಲಡಾಖ್ ಗಡಿ ಎಷ್ಟು ದೂರದ ಸಂಗತಿ ಎಂದು ಈ ಗೆರೆ ಎಳೆದಾಗ ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ.

ಆಮೇಲೆ ಅಡ್ಡಲಾಗಿ ಇನ್ನೊಂದು ಗೆರೆ. ಛಿನ್‌ಲಿಂಗ್ ಬೆಟ್ಟಸಾಲು ಮತ್ತು ಹ್ವಾಯ್ ನದಿಯ ಗುಂಟ. ಇದರ ಉತ್ತರಕ್ಕೆ ಗೋಧಿ, ದಕ್ಷಿಣಕ್ಕೆ ಭತ್ತ. ಉತ್ತರದವರು ನೂಡಲ್ಸ್, ಆವಿಯಲ್ಲಿ ಬೇಯಿಸಿದ ಬನ್ನು ತಿಂದರೆ ದಕ್ಷಿಣದವರಿಗೆ ಅನ್ನ ಬೇಕು. ನಮ್ಮಲ್ಲಿ ಜೋಳದ ರೊಟ್ಟಿ ಸೀಮೆ, ರಾಗಿಮುದ್ದೆ ಸೀಮೆ ಇಲ್ವಾ, ಹಾಗೆ. "ಚೀನಾದವರ ಊಟ" ಎಂಬ ಒಂದೇ ಊಟ ಇಲ್ಲ ಎಂದು ಹೇಳಲು ಇದು ಸಾಕು. ಗೋಬಿ ಮಂಚೂರಿ ಮಾತ್ರ ಈ ನಕ್ಷೆಯಲ್ಲಿ ಎಲ್ಲೂ ಸಿಗುವುದಿಲ್ಲ. ಅದು ಭಾರತದಲ್ಲೇ ಹುಟ್ಟಿದ ತಿಂಡಿ.

ಇಷ್ಟು ದೊಡ್ಡ ದೇಶಕ್ಕೆ ಗಡಿಯಾರ ಒಂದೇ, ಬೀಜಿಂಗ್ ಸಮಯ. ಸರ್ಕಾರ ಅಧಿಕೃತವಾಗಿ ಗುರುತಿಸಿದ ಜನಾಂಗಗಳು 56. 2020ರ ಜನಗಣತಿಯಲ್ಲಿ ಹಾನ್ ಜನಾಂಗದವರು ನೂರಕ್ಕೆ 91. ಉಳಿದ ಒಂಬತ್ತು ಅಂದರೆ 12 ಕೋಟಿಗೂ ಜಾಸ್ತಿ ಜನ. ಟಿಬೆಟನ್ನರು, ಉಯ್ಗುರರು, ಮಂಗೋಲರು, ಜ್ವಾಂಗ್ ಜನ, ಎಲ್ಲರೂ ಅದರಲ್ಲಿ ಬಂದರು.

ಇಲ್ಲಿ ಬಹಳ ಎಚ್ಚರ ಬೇಕು. ಇಂಟರ್‌ನೆಟ್‌ನಲ್ಲಿ ಸಿಕ್ಕ ನಕ್ಷೆಯನ್ನು ಹಾಗೇ ತರಗತಿಗೆ ತರಬೇಡಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗೆ ಹೊಂದದ ಗಡಿ ಇರುವ ನಕ್ಷೆಯನ್ನು ಪ್ರಕಟಿಸುವುದು ನಮ್ಮಲ್ಲಿ ಶಿಕ್ಷಾರ್ಹ ಅಪರಾಧ. ಶಾಲೆಯ ವಾಟ್ಸಾಪ್ ಗುಂಪಿಗೆ, ಪ್ರಾಜೆಕ್ಟ್ ಚಾರ್ಟಿಗೆ ಹೋಗುವ ನಕ್ಷೆ ಆ ಇಲಾಖೆಯದ್ದೇ ಇರಲಿ.

ಹಂತ 3: ಹೆಸರು ಓದುವುದನ್ನು ಕಲಿಯಿರಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಬಿಡಬೇಡಿ. ಮೂರೇ ದಿನದ ಕೆಲಸ.

ಚೀನೀ ಹೆಸರಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಶೀ ಜಿನ್‌ಪಿಂಗ್ ಅಂದರೆ ಶೀ ಮನೆತನದ ಜಿನ್‌ಪಿಂಗ್. ನಮ್ಮ ಸುದ್ದಿಗಳಲ್ಲಿ "ಜಿನ್‌ಪಿಂಗ್ ಹೇಳಿದರು" ಎಂದು ಬರುವುದನ್ನು ನೋಡಿರುತ್ತೀರಿ. "ಶೀ ಹೇಳಿದರು" ಅನ್ನುವುದು ಸರಿ. ಮದುವೆಯಾದ ಮೇಲೆ ಚೀನಾದ ಹೆಂಗಸರು ಮನೆತನದ ಹೆಸರು ಬದಲಿಸಿಕೊಳ್ಳುವುದಿಲ್ಲ. ಇದನ್ನು ಹೇಳಿದರೆ ಹೆಣ್ಣುಮಕ್ಕಳು ಕಿವಿ ನಿಮಿರಿಸಿ ಕೇಳುತ್ತಾರೆ.

ಚೀನೀ ಅಕ್ಷರಗಳ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಎಂದು ಹೆಸರು. 1958ರಲ್ಲಿ ಜಾರಿಗೆ ಬಂತು. ಅದನ್ನು ಇಂಗ್ಲಿಷಿನಂತೆ ಓದಿದರೆ ತಪ್ಪುತ್ತದೆ. ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲ ಇದೆ. ಪಿನ್‌ಯಿನ್‌ನ ಬಿ ಮತ್ತು ಪಿ ನಡುವಿನ ವ್ಯತ್ಯಾಸ ಅಲ್ಪಪ್ರಾಣ-ಮಹಾಪ್ರಾಣದ್ದು. ಬಿ ಅಂದರೆ ಸುಮಾರು ನಮ್ಮ ಪ, ಪಿ ಅಂದರೆ ಉಸಿರು ಸೇರಿಸಿ ಹೇಳುವ ಫ. ಹಾಗೆಯೇ ಜಿ ಅಕ್ಷರ ಕ, ಕೆ ಅಕ್ಷರ ಖ. ಜೆ ಅಕ್ಷರ ಚ, ಕ್ಯೂ ಅಕ್ಷರ ಛ. ಎಕ್ಸ್ ಅಕ್ಷರ ಶ. ಈ ಲೆಕ್ಕದಲ್ಲಿ ಬೀಜಿಂಗ್ ಎಂಬುದು ಅಲ್ಲಿಯವರ ಬಾಯಲ್ಲಿ ಪೆಯ್‌ಚಿಂಗ್‌ಗೆ ಹತ್ತಿರ. ಒಂದನೇ ತರಗತಿಯಲ್ಲಿ ಕಲಿತ ಕಾಗುಣಿತ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪತ್ರಿಕೆಯಲ್ಲಿ ರೂಢಿಯಾದ ಬೀಜಿಂಗ್, ಶೀ ಜಿನ್‌ಪಿಂಗ್ ರೂಪಗಳನ್ನು ಬದಲಿಸಲು ಹೋಗಬೇಡಿ. ಉಚ್ಚಾರ ಹೀಗೆ ಎಂದು ಒಮ್ಮೆ ತೋರಿಸಿದರೆ ಸಾಕು.

ಒಬ್ಬನೇ ವ್ಯಕ್ತಿಗೆ ಹಲವು ಕಾಗುಣಿತ ಇರುವುದು ಇನ್ನೊಂದು ತೊಡಕು. ನಮ್ಮ ಇತಿಹಾಸ ಪುಸ್ತಕದ ಹ್ಯೂಯೆನ್ ತ್ಸಾಂಗ್‌ನನ್ನೇ ನೋಡಿ. ಈಗಿನ ಪುಸ್ತಕಗಳಲ್ಲಿ ಅವನ ಹೆಸರು ಶ್ವೆನ್‌ತ್ಸಾಂಗ್ ಎಂಬಂತೆ ಬರುತ್ತದೆ. ಹಳೆಯ ಕಾಗುಣಿತದಲ್ಲಿ ಹುಡುಕಿದರೆ ಹಳೆಯ ಬರಹಗಳೇ ಸಿಗುತ್ತವೆ. ಆದ್ದರಿಂದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹಳೆ ಹೆಸರು, ಹೊಸ ಹೆಸರು ಎಂದು ಎರಡು ಸಾಲು ಮಾಡಿಕೊಳ್ಳಿ. ಪೀಕಿಂಗ್-ಬೀಜಿಂಗ್, ಕ್ಯಾಂಟನ್-ಗ್ವಾಂಗ್‌ಝೌ, ಮಾವೋ ತ್ಸೆ ತುಂಗ್-ಮಾವೋ ಝೆಡಾಂಗ್. ಎಲ್ಲ ಒಂದೇ.

ಕೊನೆಯದಾಗಿ ನಾಲ್ಕು ಪದ ಕಲಿಯಿರಿ. ಗಗ ಅಂದರೆ ಅಣ್ಣ. ದೀದಿ ಅಂದರೆ ತಮ್ಮ. ಚ್ಯೆಚ್ಯೆ ಅಂದರೆ ಅಕ್ಕ. ಮೆಯ್‌ಮೆಯ್ ಅಂದರೆ ತಂಗಿ. ಇಂಗ್ಲಿಷಿನಲ್ಲಿ ಅಣ್ಣನಿಗೂ ತಮ್ಮನಿಗೂ ಒಂದೇ ಪದ. ನಮ್ಮಲ್ಲೂ ಅವರಲ್ಲೂ ಬೇರೆ ಬೇರೆ. ಮನೆಯಲ್ಲಿ ಹಿರಿಯರು ಯಾರು, ಕಿರಿಯರು ಯಾರು ಎಂಬುದಕ್ಕೆ ಎರಡೂ ಕಡೆ ಎಷ್ಟು ಬೆಲೆ ಇದೆ ಎಂದು ಈ ನಾಲ್ಕು ಪದಗಳೇ ಹೇಳುತ್ತವೆ.

ಹಂತ 4: ಇತಿಹಾಸಕ್ಕೆ ಎಂಟು ಗೂಟ ಸಾಕು

ರಾಜವಂಶಗಳ ಪಟ್ಟಿ ಬಾಯಿಪಾಠ ಮಾಡಲು ಹೋಗಬೇಡಿ. ಮೊದಲ ಸುತ್ತಿಗೆ ಈ ಇಸವಿಗಳನ್ನು ಗೂಟದಂತೆ ನೆಡಿ, ಉಳಿದದ್ದನ್ನು ಆಮೇಲೆ ಕಟ್ಟಿಕೊಳ್ಳಬಹುದು. ಕ್ರಿ.ಪೂ. 221, ಛಿನ್ ದೊರೆ ದೇಶವನ್ನು ಒಂದು ಮಾಡಿದ್ದು. 1842, ಮೊದಲ ಅಫೀಮು ಯುದ್ಧದಲ್ಲಿ ಸೋತು ಹಾಂಗ್‌ಕಾಂಗನ್ನು ಬ್ರಿಟಿಷರಿಗೆ ಕೊಟ್ಟದ್ದು. 1911, ಅರಸೊತ್ತಿಗೆ ಉರುಳಿಸಿದ ಕ್ರಾಂತಿ. 1949, ಕಮ್ಯುನಿಸ್ಟ್ ಪಕ್ಷದ ಆಡಳಿತ ಶುರುವಾದದ್ದು. 1958ರಿಂದ ಮುಂದಿನ ಕೆಲವು ವರ್ಷ, 'ಮಹಾ ಜಿಗಿತ' ಎಂಬ ಯೋಜನೆ ಮತ್ತು ಕೋಟಿಗಟ್ಟಲೆ ಜನ ಸತ್ತ ಬರಗಾಲ. 1966ರಿಂದ 1976, ಸಾಂಸ್ಕೃತಿಕ ಕ್ರಾಂತಿ. ಆಗ ಶಿಕ್ಷಕರನ್ನು ವಿದ್ಯಾರ್ಥಿಗಳೇ ಬೀದಿಯಲ್ಲಿ ನಿಲ್ಲಿಸಿ ಅವಮಾನ ಮಾಡಿದರು, ಹೊಡೆದರು. 1978, ಪಕ್ಷದ ನಾಯಕ ಡೆಂಗ್ ಶಿಯಾವೊಪಿಂಗ್ ಆರ್ಥಿಕ ಸುಧಾರಣೆಗೆ ಬಾಗಿಲು ತೆರೆದದ್ದು. 1989, ಬೀಜಿಂಗಿನ ತಿಯಾನನ್ಮೆನ್ ಚೌಕದಲ್ಲಿ ವಿದ್ಯಾರ್ಥಿಗಳ ಚಳವಳಿಯನ್ನು ಸೈನ್ಯ ಹತ್ತಿಕ್ಕಿದ್ದು. ಈ ಕೊನೆಯದರ ಬಗ್ಗೆ ಇವತ್ತಿಗೂ ಅಲ್ಲಿ ಬಹಿರಂಗವಾಗಿ ಮಾತಾಡುವ ಹಾಗಿಲ್ಲ.

1842ರ ಹತ್ತಿರ ಸ್ವಲ್ಪ ನಿಲ್ಲಿ. ಆ ಯುದ್ಧದಿಂದ 1949ರವರೆಗಿನ ಕಾಲವನ್ನು ಚೀನಾದಲ್ಲಿ 'ಅವಮಾನದ ಶತಮಾನ' ಅನ್ನುತ್ತಾರೆ. ಹೊರಗಿನವರು ಬಂದು ದೇಶವನ್ನು ಹರಿದು ಹಂಚಿಕೊಂಡ ಕಾಲ ಎಂದು ಅದರ ಅರ್ಥ. ಅಲ್ಲಿನ ಶಾಲೆಗಳಲ್ಲಿ ಇದನ್ನು ಒತ್ತಿ ಕಲಿಸುತ್ತಾರೆ. ಈಗಿನ ಸರ್ಕಾರ ಗಡಿ, ತೈವಾನ್, ಹಾಂಗ್‌ಕಾಂಗ್ ಬಗ್ಗೆ ಮಾತಾಡುವಾಗ ಹಿನ್ನೆಲೆಯಲ್ಲಿ ಈ ನೆನಪು ಇರುತ್ತದೆ. ನಮ್ಮ ಪಾಲೂ ಇದರಲ್ಲಿದೆ. ಆ ಅಫೀಮು ಹೋಗುತ್ತಿದ್ದುದು ಭಾರತದಿಂದ. ಈಸ್ಟ್ ಇಂಡಿಯಾ ಕಂಪನಿ ಕಲ್ಕತ್ತಾದಲ್ಲಿ ಅದನ್ನು ಹರಾಜು ಹಾಕುತ್ತಿತ್ತು. ಯುದ್ಧಕ್ಕೆ ಹೋದ ಬ್ರಿಟಿಷ್ ಸೈನ್ಯದಲ್ಲಿ ಮದ್ರಾಸ್ ಪಡೆಯ ಸಿಪಾಯಿಗಳೂ ಇದ್ದರು. ನಾವೂ ಗುಲಾಮರು, ಅವರೂ ಗಾಯಗೊಂಡವರು. 9ನೇ-10ನೇ ತರಗತಿಯ ಮಕ್ಕಳು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ಕರ್ನಾಟಕದ ಎಳೆ ಬೇಕು ಅಂದರೆ ಹ್ಯೂಯೆನ್ ತ್ಸಾಂಗ್ ಇದ್ದಾನಲ್ಲ. ಏಳನೇ ಶತಮಾನದಲ್ಲಿ ಅವನು ದಖ್ಖನ್‌ಗೆ ಬಂದಾಗ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿ ಆಳುತ್ತಿದ್ದ. ಈ ನಾಡಿನ ಜನ ಸ್ವಾಭಿಮಾನಿಗಳು, ಉಪಕಾರ ಮರೆಯುವುದಿಲ್ಲ, ಅವಮಾನವನ್ನೂ ಮರೆಯುವುದಿಲ್ಲ ಎಂಬ ಅರ್ಥದಲ್ಲಿ ಅವನು ಬರೆದ. ಹರ್ಷನಿಗೂ ಇವರನ್ನು ಸೋಲಿಸಲು ಆಗಲಿಲ್ಲ ಎಂದೂ ಬರೆದ. ಪುಲಕೇಶಿಯ ಬಗ್ಗೆ ಹೊರಗಿನವನೊಬ್ಬ ಬರೆದ ಸಾಕ್ಷಿ ನಮಗೆ ಸಿಕ್ಕಿದ್ದು ಚೀನೀ ಭಾಷೆಯಲ್ಲಿ. ಐಹೊಳೆ ಶಾಸನದ ಪಾಠದ ಪಕ್ಕದಲ್ಲೇ ಇದನ್ನು ಇಡಿ.

ಹಂತ 5: ಸಮಾಜವನ್ನು ಮೂರು ಪದಗಳಿಂದ ಹಿಡಿಯಿರಿ

ಎರಡು ವಾರ ಇದಕ್ಕೇ ಕೊಡಿ. ಮಕ್ಕಳಿಗೆ ಹೆಚ್ಚು ತಾಗುವುದು ಈ ಭಾಗ.

ಮೊದಲ ಪದ ಹುಕೋ. ಪ್ರತಿ ಕುಟುಂಬವೂ ಯಾವ ಊರಿನದ್ದು ಎಂದು ದಾಖಲಿಸುವ ನೋಂದಣಿ ಇದು. 1958ರಿಂದ ಕಾನೂನಾಗಿ ಇದೆ. ಪಡಿತರ ಚೀಟಿಯ ಹಾಗೆ ಅಂದುಕೊಳ್ಳಬಹುದು, ಆದರೆ ಹಿಡಿತ ಅದಕ್ಕಿಂತ ಬಿಗಿ. ಮಗು ಯಾವ ಸರ್ಕಾರಿ ಶಾಲೆಗೆ ಹೋಗಬೇಕು, ಎಲ್ಲಿ ಪರೀಕ್ಷೆ ಬರೆಯಬೇಕು ಎಂಬುದೆಲ್ಲ ಇದರ ಮೇಲೆ ನಿಂತಿದೆ. ಈಚೆಗೆ ಚಿಕ್ಕ ನಗರಗಳಲ್ಲಿ ಸಡಿಲ ಮಾಡಿದ್ದಾರೆ, ದೊಡ್ಡ ನಗರಗಳಲ್ಲಿ ಇನ್ನೂ ಬಿಗಿಯೇ. ಹಳ್ಳಿ ಬಿಟ್ಟು ದುಡಿಯುವವರು ಅಲ್ಲಿ ಸುಮಾರು 30 ಕೋಟಿ ಜನ. ಅಪ್ಪ-ಅಮ್ಮ ಕಾರ್ಖಾನೆ ಊರಿಗೆ ಹೋದರೆ ಮಕ್ಕಳು ಅಜ್ಜ-ಅಜ್ಜಿಯ ಹತ್ತಿರ ಉಳಿಯುತ್ತಾರೆ. ಅಂಥ ಮಕ್ಕಳಿಗೆ 'ಹಿಂದುಳಿದು ಕಾಯುವ ಮಕ್ಕಳು' ಎಂಬರ್ಥದ ಪದವೇ ಅಲ್ಲಿ ಇದೆ.

ರಾಯಚೂರು, ಯಾದಗಿರಿ ಕಡೆಯ ಶಿಕ್ಷಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಳೆ ಹೋದವರ ಮಕ್ಕಳು ನಿಮ್ಮ ಹಾಜರಿ ಪುಸ್ತಕದಲ್ಲೇ ಇದ್ದಾರೆ. ಹಬ್ಬಕ್ಕೆ ಅಪ್ಪ-ಅಮ್ಮ ಬರುತ್ತಾರೆ ಎಂದು ದಿನ ಎಣಿಸುವ ಮಗು ಚೀನಾದ ಸಿಚುವಾನ್ ಪ್ರಾಂತ್ಯದ ಹಳ್ಳಿಯಲ್ಲೂ ಒಂದೇ, ದೇವದುರ್ಗದ ಹಳ್ಳಿಯಲ್ಲೂ ಒಂದೇ. ಆದರೆ ಗುಳೆ ಹೋದ ಮಕ್ಕಳು ನಿಮ್ಮ ತರಗತಿಯಲ್ಲಿದ್ದರೆ ಅವರ ಕಡೆ ಬೆರಳು ತೋರಿಸಿ ಉದಾಹರಣೆ ಕೊಡಬೇಡಿ. ಅವರಾಗಿ ಮಾತಾಡಿದರೆ ಕೇಳಿ.

ಎರಡನೇ ಪದ ಕಾವೊಖಾವೊ. ಕಾಲೇಜು ಸೇರಲು ಬರೆಯುವ ರಾಷ್ಟ್ರೀಯ ಪರೀಕ್ಷೆ. ಪ್ರತಿ ವರ್ಷ ಜೂನ್ 7ಕ್ಕೆ ಶುರು. 2024ರಲ್ಲಿ ಹೆಸರು ನೋಂದಾಯಿಸಿದವರು 1 ಕೋಟಿ 34 ಲಕ್ಷ. ಹೆಚ್ಚಿನ ಪ್ರಾಂತ್ಯಗಳಲ್ಲಿ ಒಟ್ಟು ಅಂಕ 750. ಪರೀಕ್ಷೆ ದಿನ ಕೇಂದ್ರದ ಸುತ್ತ ಹಾರ್ನ್ ಹಾಕುವಂತಿಲ್ಲ, ಕಟ್ಟಡ ಕೆಲಸ ನಿಲ್ಲುತ್ತದೆ. ಮಕ್ಕಳನ್ನು ಬಿಡಲು ಪೊಲೀಸರು, ಟ್ಯಾಕ್ಸಿಯವರು ನಿಲ್ಲುತ್ತಾರೆ. ಅಮ್ಮಂದಿರು ಕೆಂಪು ಬಟ್ಟೆ ಉಟ್ಟು ಗೇಟಿನ ಹೊರಗೆ ಕಾಯುತ್ತಾರೆ, ಕೆಂಪು ಅಲ್ಲಿ ಶುಭದ ಬಣ್ಣ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಈ ಪರೀಕ್ಷೆ ನಿಂತುಹೋಗಿತ್ತು. 1977ರ ಚಳಿಗಾಲದಲ್ಲಿ ಮತ್ತೆ ಶುರುವಾದಾಗ ಹೊಲದಲ್ಲಿ, ಗಣಿಯಲ್ಲಿ ಕೆಲಸ ಮಾಡುತ್ತಿದ್ದ ಯುವಕ-ಯುವತಿಯರು ಬಂದು ಬರೆದರು.

ಇಲ್ಲಿ ಹುಕೋವನ್ನು ಮತ್ತೆ ತನ್ನಿ. ಸಾಮಾನ್ಯವಾಗಿ ಹುಕೋ ಇರುವ ಪ್ರಾಂತ್ಯದಲ್ಲೇ ಪರೀಕ್ಷೆ ಬರೆಯಬೇಕು. ವಿಶ್ವವಿದ್ಯಾಲಯಗಳು ಪ್ರಾಂತ್ಯವಾರು ಸೀಟು ಹಂಚುತ್ತವೆ. ಬೀಜಿಂಗಿನ ಮಗುವಿಗೆ ಬೀಜಿಂಗಿನ ದೊಡ್ಡ ವಿಶ್ವವಿದ್ಯಾಲಯದ ಸೀಟು ಸಿಗುವುದು ಹೆನಾನ್ ಪ್ರಾಂತ್ಯದ ಮಗುವಿಗಿಂತ ಸುಲಭ. ಇದು ಸರಿಯೇ ಎಂದು ತರಗತಿಯಲ್ಲಿ ಚರ್ಚೆಗೆ ಇಡಿ.

ಟ್ಯೂಷನ್ ಪ್ರಶ್ನೆಗೂ ಇಲ್ಲೇ ಉತ್ತರ. ಅಲ್ಲಿ ಟ್ಯೂಷನ್ ಬಹಳ ಇತ್ತು. 2021ರ ಜುಲೈಯಲ್ಲಿ ಸರ್ಕಾರ 'ಎರಡು ಇಳಿಕೆ' ಎಂಬ ನೀತಿ ತಂದಿತು. ಹೋಂವರ್ಕ್ ಇಳಿಸುವುದು ಒಂದು, ಟ್ಯೂಷನ್ ಇಳಿಸುವುದು ಇನ್ನೊಂದು. 9ನೇ ತರಗತಿಯವರೆಗಿನ ಶಾಲಾ ವಿಷಯಗಳಿಗೆ ಲಾಭಕ್ಕಾಗಿ ಟ್ಯೂಷನ್ ನಡೆಸುವುದನ್ನು ನಿಷೇಧಿಸಿತು. ದೊಡ್ಡ ದೊಡ್ಡ ಕೋಚಿಂಗ್ ಕಂಪನಿಗಳು ತಿಂಗಳೊಪ್ಪತ್ತಿನಲ್ಲಿ ಕುಸಿದವು. ಆದರೂ ದುಡ್ಡಿದ್ದವರು ಮನೆಯಲ್ಲಿ ಗುಟ್ಟಾಗಿ ಪಾಠ ಹೇಳಿಸುವುದು ನಿಲ್ಲಲಿಲ್ಲ. ಸರ್ಕಾರ ಬೇರೆ, ಜನ ಬೇರೆ ಅಂದೆನಲ್ಲ, ಇದು ಅದಕ್ಕೆ ನೇರ ಉದಾಹರಣೆ.

ಮೂರನೇ ಪದ ಒಂದೇ ಮಗು. 1980ರ ಹೊತ್ತಿಗೆ ಜಾರಿಯಾದ ಈ ನೀತಿ 2015ರ ಕೊನೆಗೆ ಮುಗಿಯಿತು. 2016ರಿಂದ ಎರಡು, 2021ರಿಂದ ಮೂರು ಮಕ್ಕಳಿಗೆ ಅವಕಾಶ. "ಚೀನಾದಲ್ಲಿ ಎಲ್ಲರಿಗೂ ಒಂದೇ ಮಗು" ಅನ್ನುವುದು ನಮ್ಮಲ್ಲಿ ಪದೇ ಪದೇ ಆಗುವ ತಪ್ಪು. ಬಹಳ ಹಳ್ಳಿಗಳಲ್ಲಿ ಮೊದಲ ಮಗು ಹೆಣ್ಣಾದರೆ ಎರಡನೆಯದಕ್ಕೆ ಒಪ್ಪಿಗೆ ಇತ್ತು. ಅಲ್ಪಸಂಖ್ಯಾತ ಜನಾಂಗಗಳಿಗೂ ವಿನಾಯಿತಿ ಇತ್ತು. ಇನ್ನೊಂದು ಕಡೆ ಬಲವಂತದ ಗರ್ಭಪಾತವೂ ನಡೆದಿದೆ. ಈಗ ಮೂರು ಮಕ್ಕಳಿಗೆ ಅವಕಾಶ ಕೊಟ್ಟರೂ ಹೆರುವವರು ಕಡಿಮೆ. 2022ರಿಂದ ಅಲ್ಲಿನ ಜನಸಂಖ್ಯೆ ಇಳಿಯುತ್ತಿದೆ. 2023ರಲ್ಲಿ ಭಾರತ ಚೀನಾವನ್ನು ಹಿಂದೆ ಹಾಕಿತು ಎಂದು ವಿಶ್ವಸಂಸ್ಥೆ ಅಂದಾಜಿಸಿತು. ನಿಮ್ಮ ಕೈಯಲ್ಲಿ ಹಳೆಯ ಗೈಡ್ ಇದ್ದರೆ "ಅತಿ ಹೆಚ್ಚು ಜನಸಂಖ್ಯೆಯ ದೇಶ ಚೀನಾ" ಎಂಬ ಸಾಲನ್ನು ಇವತ್ತೇ ತಿದ್ದಿ.

ಹಂತ 6: ಸಂಸ್ಕೃತಿಗೆ ಪಂಚಾಂಗದ ಬಾಗಿಲಿನಿಂದ ಹೋಗಿ

ಡ್ರ್ಯಾಗನ್, ಕೆಂಪು ಲಾಟೀನು, ಕುಂಗ್‌ಫು ಇಷ್ಟಕ್ಕೇ ನಿಂತರೆ ಸುಮ್ನೆ ಅಲಂಕಾರ ಆಗುತ್ತೆ. ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆಯಿರಿ.

ಚೀನಾದ ಸಾಂಪ್ರದಾಯಿಕ ತಿಂಗಳು ಅಮಾವಾಸ್ಯೆಯ ದಿನ ಶುರುವಾಗುತ್ತದೆ. ನಮ್ಮ ತಿಂಗಳು ಅಮಾವಾಸ್ಯೆ ಮುಗಿದ ಮೇಲೆ, ಪಾಡ್ಯದಿಂದ. ಅವರಿಗೂ ಅಧಿಕ ಮಾಸ ಇದೆ. ಅವರಿಗೂ ಅರವತ್ತು ವರ್ಷದ ಚಕ್ರ ಇದೆ, ನಮ್ಮ ಪ್ರಭವ-ವಿಭವ ಸಂವತ್ಸರಗಳ ಹಾಗೆ. ಈಗ ಬೋರ್ಡಿನ ಮೇಲೆ ಬರೆಯಿರಿ. 2024ರಲ್ಲಿ ಅವರ ಹೊಸ ವರ್ಷ ಫೆಬ್ರವರಿ 10, ನಮ್ಮ ಯುಗಾದಿ ಏಪ್ರಿಲ್ 9. 2025ರಲ್ಲಿ ಜನವರಿ 29, ಮಾರ್ಚ್ 30. ಎರಡು ಸಲವೂ ನಡುವೆ ಎರಡು ಅಮಾವಾಸ್ಯೆಯ ಅಂತರ. 2026ರಲ್ಲಿ ಫೆಬ್ರವರಿ 17, ಮಾರ್ಚ್ 19. ಒಂದೇ ತಿಂಗಳ ಅಂತರ. ಯಾಕೆ? ಅವರ ಅಧಿಕ ಮಾಸ 2025ರಲ್ಲೇ ಬಂದುಹೋಯಿತು. ನಮ್ಮದು ಯುಗಾದಿ ಆದ ಮೇಲೆ, 2026ರ ಅಧಿಕ ಜ್ಯೇಷ್ಠ. ಗಣಿತದ ಶಿಕ್ಷಕರನ್ನೂ ಕರೆದು ಈ ಲೆಕ್ಕ ಮಾಡಿಸಿ. ಮಕ್ಕಳು ಮನೆಯಿಂದ ಪಂಚಾಂಗ ತರುತ್ತಾರೆ.

ಹಿರಿಯರ ಸಮಾಧಿ ಗುಡಿಸಿ ಪೂಜಿಸುವ ಛಿಂಗ್‌ಮಿಂಗ್ ಏಪ್ರಿಲ್ ಮೊದಲ ವಾರ ಬರುತ್ತದೆ. ನಮ್ಮ ಮಹಾಲಯದ ಜೊತೆ ಇಟ್ಟು ನೋಡಬಹುದು. ಎಂಟನೇ ತಿಂಗಳ ಹುಣ್ಣಿಮೆಗೆ ಚಂದ್ರನ ಹಬ್ಬ. ಆದರೆ "ಇದು ನಮ್ಮ ಇಂಥ ಹಬ್ಬವೇ" ಎಂದು ತೀರ್ಪು ಕೊಡಬೇಡಿ. ಹೋಲಿಕೆ ಬಾಗಿಲು ತೆರೆಯಲಿಕ್ಕೆ ಮಾತ್ರ.

ಇನ್ನೊಂದು ಚಿಕ್ಕ ಚಟುವಟಿಕೆ. ಧಾರವಾಡದವರು ಚಹಾ ಅನ್ನುತ್ತಾರೆ, ಬೆಂಗಳೂರಿನವರು ಟೀ ಅನ್ನುತ್ತಾರೆ. ಎರಡೂ ಚೀನಾದಿಂದಲೇ ಬಂದ ಪದ. ಅಲ್ಲಿನ ಹೆಚ್ಚಿನ ಕಡೆ 'ಛಾ', ಫುಜಿಯಾನ್ ಕರಾವಳಿಯ ಮಿನ್ ಭಾಷೆಯಲ್ಲಿ 'ತೆ'. ಡಚ್ ವ್ಯಾಪಾರಿಗಳು ಆ ಕರಾವಳಿಯಿಂದ ಒಯ್ದ ಪದ ಯುರೋಪಿಗೆ ಹೋಗಿ, ಇಂಗ್ಲಿಷಿನ ಬಾಯಿಂದ ನಮ್ಮ ಕ್ಯಾಂಟೀನಿಗೆ ಬಂತು. ಮಕ್ಕಳಿಗೆ ಮನೆಯಲ್ಲಿ 'ಚೀನಾ' ಇರುವ ಪದ ಹುಡುಕಿ ತರಲು ಹೇಳಿ. ಕರಾವಳಿಯ ಮಕ್ಕಳು ಚೀನಿಕಾಯಿ ತರುತ್ತಾರೆ, ಸಿಹಿಗುಂಬಳದ ಹೆಸರು ಅದು. ಇನ್ನು ಕೆಲವರು ಉಪ್ಪಿನಕಾಯಿಯ ಚೀನಿ ಭರಣಿ.

ಹಂತ 7: ಹೊರಜಗತ್ತಿನ ಸಂಬಂಧ, ಎರಡು ಕಣ್ಣಿನಿಂದ

ಮೊದಲು ಪದಗಳನ್ನು ಬಿಡಿಸಿಕೊಳ್ಳಿ. ಎಲ್‌ಎಸಿ ಅಂದರೆ ವಾಸ್ತವ ನಿಯಂತ್ರಣ ರೇಖೆ, ಇದು ಚೀನಾ ಜೊತೆ. ಎಲ್‌ಒಸಿ ಅಂದರೆ ನಿಯಂತ್ರಣ ರೇಖೆ, ಅದು ಪಾಕಿಸ್ತಾನದ ಜೊತೆ. ಉತ್ತರ ಪತ್ರಿಕೆಯಲ್ಲಿ ಇವೆರಡು ಅದಲು ಬದಲಾಗುವುದನ್ನು ನೀವು ನೋಡಿರುತ್ತೀರಿ. ಮೆಕ್‌ಮಹೊನ್ ರೇಖೆ 1914ರ ಸಿಮ್ಲಾ ಸಭೆಯಿಂದ ಬಂದದ್ದು, ಪೂರ್ವ ಭಾಗದ್ದು. ಅದನ್ನು ಭಾರತ ಒಪ್ಪುತ್ತದೆ, ಚೀನಾ ಒಪ್ಪುವುದಿಲ್ಲ. ಗಡಿಯ ಉದ್ದದಲ್ಲೇ ಒಮ್ಮತ ಇಲ್ಲ. ಭಾರತದ ಲೆಕ್ಕ 3,488 ಕಿಲೋಮೀಟರ್. ಚೀನಾದ ಲೆಕ್ಕ ಸುಮಾರು 2,000. ಈ ಎರಡು ಅಂಕಿಗಳನ್ನು ಪಕ್ಕ ಪಕ್ಕ ಬರೆದರೆ ವಿವಾದ ಎಷ್ಟು ದೊಡ್ಡದು ಎಂದು ಮಕ್ಕಳಿಗೆ ಕಾಣುತ್ತದೆ.

ಕಾಲರೇಖೆ ಹೀಗೆ ಬರೆಯಿರಿ: 1950 ರಾಜತಾಂತ್ರಿಕ ಸಂಬಂಧ, 1954 ಪಂಚಶೀಲ, 1959 ದಲೈ ಲಾಮಾ ಭಾರತಕ್ಕೆ, 1962 ಯುದ್ಧ, 1988 ರಾಜೀವ್ ಗಾಂಧಿ ಬೀಜಿಂಗ್ ಭೇಟಿ, 1993 ಗಡಿ ಶಾಂತಿ ಒಪ್ಪಂದ, 2017 ಡೋಕ್ಲಾಮ್‌ನಲ್ಲಿ ಸೈನ್ಯಗಳ ಮುಖಾಮುಖಿ, 2020 ಗಲ್ವಾನ್ ಕಣಿವೆಯ ಘರ್ಷಣೆ, 2024ರ ಅಕ್ಟೋಬರ್‌ನಲ್ಲಿ ಗಸ್ತು ಕುರಿತ ಒಪ್ಪಂದ. ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಇದನ್ನು ಗೌರವದಿಂದ, ನಿಧಾನವಾಗಿ ಹೇಳಿ. ಯೋಧರ ಮನೆಯ ಮಕ್ಕಳು ನಿಮ್ಮ ಎದುರು ಕೂತಿರಬಹುದು.

1962ರ ಇನ್ನೊಂದು ಮಗ್ಗುಲು ಪುಸ್ತಕದಲ್ಲಿ ಸಿಗುವುದು ಅಪರೂಪ. ಯುದ್ಧದ ಹೊತ್ತಿನಲ್ಲಿ ಭಾರತದಲ್ಲಿ ನೆಲೆಸಿದ್ದ ಚೀನೀ ಮೂಲದ ಸುಮಾರು 3,000 ಜನರನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಇಟ್ಟರು. ಸರ್ಕಾರಗಳ ಜಗಳದಲ್ಲಿ ಜನಸಾಮಾನ್ಯರು ಹೇಗೆ ನುಗ್ಗಾಗುತ್ತಾರೆ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಇನ್ನೊಂದು ಪಕ್ಕದಲ್ಲಿ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸ್ ಇದ್ದಾರೆ. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಹೋದರು, ಗಾಯಾಳುಗಳ ಸೇವೆ ಮಾಡುತ್ತಲೇ 1942ರಲ್ಲಿ ತೀರಿಕೊಂಡರು. ಅವರನ್ನು ಚೀನಾದಲ್ಲಿ ಇಂದಿಗೂ ನೆನೆಯುತ್ತಾರೆ.

ವ್ಯಾಪಾರವನ್ನು ದೊಡ್ಡ ಅಂಕಿಯಿಂದ ಶುರು ಮಾಡಬೇಡಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಶುರು ಮಾಡಿ. ಜಗತ್ತಿನಲ್ಲಿ ರೇಷ್ಮೆ ಬೆಳೆಯುವುದರಲ್ಲಿ ಚೀನಾ ಮೊದಲು, ಭಾರತ ಎರಡನೆಯದು. ಭಾರತದಲ್ಲಿ ಕರ್ನಾಟಕ ಮುಂದೆ. ಅಲ್ಲಿಂದ ಅಗ್ಗದ ಕಚ್ಚಾ ರೇಷ್ಮೆ ಬಂದರೆ ಮಗ್ಗದವರಿಗೆ ಅನುಕೂಲ, ಇಲ್ಲಿನ ಗೂಡು ಬೆಳೆಗಾರರಿಗೆ ಪೆಟ್ಟು. ಆಮದು ಸುಂಕ ಅಂದರೆ ಏನು, ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ಆಗ ತಾನಾಗಿ ಬರುತ್ತದೆ. ಆಮೇಲೆ ದೊಡ್ಡ ಅಂಕಿ: 2024-25ರಲ್ಲಿ ಚೀನಾ ಜೊತೆ ನಮ್ಮ ವ್ಯಾಪಾರ ಕೊರತೆ ಸುಮಾರು 99 ಬಿಲಿಯನ್ ಡಾಲರ್. ಅಂದರೆ ನಾವು ಮಾರಿದ್ದಕ್ಕಿಂತ ಅಷ್ಟು ಜಾಸ್ತಿ ಕೊಂಡಿದ್ದೇವೆ. ಬೆಂಗಳೂರಿನ ಮಕ್ಕಳಿಗೆ ನಮ್ಮ ಮೆಟ್ರೊ ಹಳದಿ ಮಾರ್ಗ ಹೇಳಿ. ಅದರ ಮೊದಲ ಮಾದರಿ ರೈಲು 2024ರಲ್ಲಿ ಚೀನಾದಿಂದ ಬಂತು. ಮಂಗಳೂರಿನವರಿಗೆ ಕೆ.ವಿ. ಕಾಮತ್. ಆಗಿನ ಬ್ರಿಕ್ಸ್ ದೇಶಗಳು, ಅಂದರೆ ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ ಸೇರಿ ಶಾಂಘೈಯಲ್ಲಿ ಶುರು ಮಾಡಿದ ಬ್ಯಾಂಕಿಗೆ ಮಂಗಳೂರಿನಲ್ಲಿ ಹುಟ್ಟಿದ ಅವರೇ ಮೊದಲ ಅಧ್ಯಕ್ಷರು.

ತೈವಾನ್ ವಿಷಯದಲ್ಲಿ ಎಡವುವವರು ಬಹಳ. ದೇವನಹಳ್ಳಿ ಹತ್ತಿರ ಐಫೋನ್ ಕಾರ್ಖಾನೆ ಕಟ್ಟಿರುವ ಫಾಕ್ಸ್‌ಕಾನ್ ತೈವಾನ್ ಮೂಲದ ಕಂಪನಿ. ತೈವಾನ್‌ಗೆ ತನ್ನದೇ ಚುನಾಯಿತ ಸರ್ಕಾರ, ಸೈನ್ಯ, ಹಣ ಇದೆ. ಚೀನಾ ಅದನ್ನು ತನ್ನ ಪ್ರಾಂತ್ಯ ಅನ್ನುತ್ತದೆ. ಇಷ್ಟನ್ನು ಹೀಗೇ ಹೇಳಿ.

ಟಿಬೆಟ್ ಬಗ್ಗೆ ತಿಳಿಯಲು ನಮಗೆ ದೂರ ಹೋಗಬೇಕಿಲ್ಲ. ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲದಲ್ಲಿ ಟಿಬೆಟನ್ ವಸತಿಗಳಿವೆ. 1960ರ ಆಸುಪಾಸಿನಲ್ಲಿ ಆಗಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು. ಹಿರಿಯರ ಹತ್ತಿರ ಕೂತು ಮಾತಾಡಿ. ಗುಂಪಾಗಿ ಹೋಗಿ ಚಿನ್ನದ ಬುದ್ಧನ ಮುಂದೆ ಫೋಟೊ ತೆಗೆದು ಬರುವುದು ಕಲಿಕೆ ಆಗುವುದಿಲ್ಲ. ಅವರು ಹೇಳುವುದು ಒಂದು, ಚೀನಾ ಸರ್ಕಾರ ಹೇಳುವುದು ಇನ್ನೊಂದು. ಎರಡನ್ನೂ ಬರೆದುಕೊಳ್ಳಿ.

ಹಂತ 8: ಸುದ್ದಿ ಓದುವ ಕ್ರಮ

2023ರಲ್ಲಿ ಎರಡೂ ದೇಶಗಳು ಪರಸ್ಪರರ ಪತ್ರಕರ್ತರ ವೀಸಾ ಮುಂದುವರಿಸದೆ ಹೋದವು. ಹೀಗಾಗಿ ನಮಗೆ ಬರುವ ಚೀನಾ ಸುದ್ದಿಯಲ್ಲಿ ಬಹಳಷ್ಟು ಬೇರೆಯವರ ಕಣ್ಣಿನಿಂದ ಬಂದದ್ದು. ಒಂದೇ ಘಟನೆಯನ್ನು ಮೂರು ಕಡೆ ಓದಿ: ಒಂದು ಭಾರತದ ಪತ್ರಿಕೆ, ಒಂದು ಚೀನಾ ಸರ್ಕಾರದ ಮಾಧ್ಯಮ, ಒಂದು ಮೂರನೇ ದೇಶದ್ದು. ಶಿನ್ಹುವಾ, ಗ್ಲೋಬಲ್ ಟೈಮ್ಸ್ ಸರ್ಕಾರ ಮತ್ತು ಪಕ್ಷದ ದನಿಗಳು. ಅವನ್ನು ಓದಬೇಕು, ದನಿ ಯಾರದ್ದು ಎಂದು ತಿಳಿದು ಓದಬೇಕು. ಬೆಂಗಳೂರಿನ ತಕ್ಷಶಿಲಾ ಸಂಸ್ಥೆ, ದೆಹಲಿಯ ಚೀನೀ ಅಧ್ಯಯನ ಸಂಸ್ಥೆ ಸಾರ್ವಜನಿಕರಿಗೆ ಓದಲು ಸಿಗುವ ಬರಹ ಪ್ರಕಟಿಸುತ್ತವೆ. ಶಾಂತಿನಿಕೇತನದ ಚೀನಾ ಭವನ 1937ರಿಂದ ಇದೆ. ಅಮೆರಿಕದಲ್ಲಿ ಪಾಠ ಮಾಡುತ್ತಿರುವ ಕನ್ನಡಿಗ ಶಿಕ್ಷಕರಿಗೆ ಇನ್ನೂ ಅನುಕೂಲ. ಅಲ್ಲಿ ಶಾಲಾ ಶಿಕ್ಷಕರಿಗೆಂದೇ ಪೂರ್ವ ಏಷ್ಯಾ ತರಬೇತಿ ಕೊಡುವ ರಾಷ್ಟ್ರೀಯ ಒಕ್ಕೂಟ 1998ರಿಂದ ನಡೆಯುತ್ತಿದೆ. ಕೊಲಂಬಿಯಾ ವಿಶ್ವವಿದ್ಯಾಲಯ ಶಿಕ್ಷಕರಿಗಾಗಿ ಉಚಿತ ಪಾಠ ಸಾಮಗ್ರಿ ಇಟ್ಟಿದೆ.

ಅಲ್ಲಿನ ಶಿಕ್ಷಕರ ಜೊತೆ ಮಾತಾಡುವ ಆಸೆ ಇದ್ದರೆ ಇಮೇಲ್ ಬಳಸಿ. ವಾಟ್ಸಾಪ್ ಅಲ್ಲಿ ಇಲ್ಲ, ಅವರ ವೀಚಾಟ್ 2020ರಿಂದ ಇಲ್ಲಿ ಇಲ್ಲ. ರಾಜಕೀಯದ ಪ್ರಶ್ನೆ ಕೇಳಿ ಅವರನ್ನು ತೊಂದರೆಗೆ ಸಿಕ್ಕಿಸಬೇಡಿ. ಸರ್ಕಾರಿ ಶಿಕ್ಷಕರು ವಿದೇಶಿ ತರಬೇತಿಗೆ, ಪ್ರವಾಸಕ್ಕೆ ಒಪ್ಪಿಕೊಳ್ಳುವ ಮೊದಲು ಇಲಾಖೆಯ ಅನುಮತಿ ಲಿಖಿತವಾಗಿ ಪಡೆಯಿರಿ.

ಹಂತ 9: ತರಗತಿಗೆ ತರುವಾಗ

ಕಲಿತದ್ದೆಲ್ಲ ಒಂದೇ ದಿನ ಸುರಿಯಬೇಡಿ. ಒಂದು ಪಿರಿಯಡ್‌ಗೆ ಒಂದು ವಸ್ತು: ಒಂದು ನಕ್ಷೆ, ಒಂದು ಕ್ಯಾಲೆಂಡರ್, ಒಂದು ರೇಷ್ಮೆಗೂಡು. ಹಂತ 1ರ ಚೀಟಿಗಳಿಂದ ಒಂದು ಪ್ರಶ್ನೆ ಆರಿಸಿ ಬೋರ್ಡಿನ ಮೇಲೆ ಬರೆದು ಶುರು ಮಾಡಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಮಣಿಪುರ, ನಾಗಾಲ್ಯಾಂಡ್, ಅರುಣಾಚಲದ ಮಕ್ಕಳು ನಮ್ಮ ಊರುಗಳಲ್ಲಿ ಓದುತ್ತಿದ್ದಾರೆ. ಟಿಬೆಟನ್ ಮಕ್ಕಳೂ ಇದ್ದಾರೆ. ಮುಖ ನೋಡಿ ಅವರನ್ನು ಚೀನಾದವರು ಎಂದು ಕರೆಯುವುದು, ಅಡ್ಡಹೆಸರಿಡುವುದು ನಮ್ಮಲ್ಲಿ ಇದೆ. ಕೋವಿಡ್ ಕಾಲದಲ್ಲಿ ಇದು ವಿಪರೀತವಾಯಿತು. ಪಾಠ ಶುರು ಮಾಡುವ ಮೊದಲೇ ಇದರ ಬಗ್ಗೆ ನೇರವಾಗಿ ಮಾತಾಡಿ. ನಡುವೆ ಯಾರಾದರೂ ನಕ್ಕರೆ, ಹೆಸರಿಟ್ಟರೆ, ಪಾಠ ನಿಲ್ಲಿಸಿ ಅದನ್ನು ಸರಿಮಾಡಿ ಆಮೇಲೆ ಮುಂದುವರಿಸಿ.

ಮೊದಲ ಪಾಠಕ್ಕೆ ದಿನ ಹುಡುಕುತ್ತಿದ್ದರೆ ಜೂನ್ ಮೊದಲ ವಾರ ಚೆನ್ನಾಗಿದೆ. ನಮ್ಮ ಶಾಲೆಗಳು ಆಗ ತಾನೇ ತೆರೆದಿರುತ್ತವೆ, ಪುಸ್ತಕ ಇನ್ನೂ ಬಂದಿರುವುದಿಲ್ಲ, ಹತ್ತನೇ ತರಗತಿಯ ಮಕ್ಕಳ ತಲೆಯಲ್ಲಿ ಪರೀಕ್ಷೆಯ ಭಯ ಆಗಲೇ ಹೊಕ್ಕಿರುತ್ತದೆ. ಜೂನ್ 7ರ ಬೆಳಗ್ಗೆ ಒಂದು ಕೋಟಿಗೂ ಜಾಸ್ತಿ ಮಕ್ಕಳು ಕಾವೊಖಾವೊ ಕೇಂದ್ರದ ಗೇಟು ದಾಟುತ್ತಿರುತ್ತಾರೆ. ಆ ದಿನ ರಜೆ ಬಿದ್ದರೆ ಹಿಂದಿನ ದಿನ ಪಾಠ ಇಟ್ಟುಕೊಳ್ಳಿ. ಅವರಲ್ಲಿ ಒಬ್ಬರಿಗೆ ಪತ್ರ ಬರೆಯಲು ನಿಮ್ಮ ಮಕ್ಕಳಿಗೆ ಹೇಳಿ. ಕನ್ನಡದಲ್ಲೇ ಬರೆಯಲಿ, ಹದಿನೈದು ಸಾಲು.